ಬೆಂಗಳೂರಿನ ಬಡಾವಣೆಗಳಲ್ಲಿ ಬಯಲು ಜಾಗದ ಪ್ರಶ್ನೆ: ಸದಾಶಿವನಗರದ ಉದ್ಯಾನ ಪ್ರಕರಣ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ವ್ಯಾಪಾರದ ಸ್ಥಳವನ್ನು ನಿರ್ಧರಿಸಲು ಪರವಾನಗಿಯ ಅಗತ್ಯವಿರಲಿಲ್ಲ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ ಎಂಬ ಹೆಸರುಗಳೇ ಸರಕಿನ ನೆಲೆಯನ್ನು ಸೂಚಿಸುತ್ತಿದ್ದವು. ಅಂಗಡಿಯ ಹಿಂದೆ ಅಥವಾ ಮಹಡಿಯ ಮೇಲೆ ವ್ಯಾಪಾರಿಯ ವಾಸ. ಹೀಗೆ ವಾಸ ಮತ್ತು ವ್ಯವಹಾರಗಳು ಒಂದೇ ಸೂರಿನಡಿ ಸಾಗುತ್ತಿದ್ದವು. 1862ರಲ್ಲಿ ಪುರಸಭೆ ಸ್ಥಾಪನೆಯಾದ ಮೇಲೂ ಈ ಸ್ಥಿತಿ ತಟ್ಟನೆ ಬದಲಾಗಲಿಲ್ಲ. ಬದಲಾವಣೆಗೆ ಒತ್ತಾಸೆಯಾದದ್ದು 1898ರ ಪ್ಲೇಗು. ಆ ವೇಳೆಗಾಗಲೇ ಆರಂಭವಾಗಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು, ಪೇಟೆಯ ಇಕ್ಕಟ್ಟನ್ನು ತೊರೆದು ಬಂದವರಿಂದ ತುಂಬತೊಡಗಿದವು. ಅಗಲವಾದ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ನಡುವೆ ಉದ್ಯಾನ: ಇವು ಅಂದು ಸೊಬಗಿನ ವಸ್ತುಗಳಲ್ಲ, ಆರೋಗ್ಯ ರಕ್ಷಣೆಯ ಸಾಧನಗಳು. ಬಯಲು ಜಾಗವನ್ನು ಕುರಿತ ಮುಂದಿನ ಎಲ್ಲ ವಿವಾದಗಳ ಬೇರು ಇಲ್ಲಿದೆ ಎಂಬುದನ್ನು ನಗರ ಚರಿತ್ರೆಯ ಅಧ್ಯಯನಗಳು ಸಾಕಷ್ಟು ಗಮನಿಸಿಲ್ಲ.

1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆಯನ್ವಯ ನಗರ ಸುಧಾರಣಾ ವಿಶ್ವಸ್ತ ಮಂಡಲಿ ಅಸ್ತಿತ್ವಕ್ಕೆ ಬಂದಿತು. ಬಡಾವಣೆಯ ನಕ್ಷೆಯಲ್ಲಿಯೇ ವಾಸದ ನಿವೇಶನ, ಅಂಗಡಿ ಸಾಲು, ಶಾಲೆ, ಉದ್ಯಾನಗಳನ್ನು ಗುರುತಿಸಿ ಸರ್ಕಾರದ ಮಂಜೂರಾತಿ ಪಡೆಯುವುದು ಇದರ ಕ್ರಮ. ನಿವೇಶನ ಪಡೆದವನು ಈ ನಕ್ಷೆಯನ್ನು ನಂಬಿಯೇ ಹಣ ತೆರುತ್ತಿದ್ದನು. 1976ರ ಕಾಯ್ದೆಯ ಮೂಲಕ ಮಂಡಲಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಾಗ, ಹಳೆಯ ನಕ್ಷೆಗಳ ಹೊಣೆಯೂ ಅದಕ್ಕೇ ಸೇರಿತು.

ಅದೇ ವರ್ಷ ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಅಂದರೆ ಇಂದಿನ ಸದಾಶಿವನಗರದಲ್ಲಿ, ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವೊಂದನ್ನು ನಾಗರಿಕ ಸೌಲಭ್ಯ ನಿವೇಶನವಾಗಿ ಪರಿವರ್ತಿಸಿ, ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ನೀಡಲಾಯಿತು. ನಿರ್ಧಾರದ ಮೂಲ ಪ್ರಾಧಿಕಾರದ ಸಭೆಯಲ್ಲಿರಲಿಲ್ಲ, ಮುಖ್ಯಮಂತ್ರಿಗಳ ಆದೇಶದಲ್ಲಿತ್ತು. ಪ್ರಾಧಿಕಾರ ಅದಕ್ಕೆ ನಿರ್ಣಯದ ರೂಪ ಕೊಟ್ಟಿತಷ್ಟೆ. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಉದ್ಯಾನದಂತೆ ಆಸ್ಪತ್ರೆಯೂ ಜನರಿಗೆ ಬೇಕಾದ ಸೌಲಭ್ಯವೇ ಎಂದು ಏಕಸದಸ್ಯ ಪೀಠ ಅರ್ಜಿಯನ್ನು ವಜಾ ಮಾಡಿತು. ವಿಭಾಗೀಯ ಪೀಠ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಟ್ರಸ್ಟಿನ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಟಿ. ಕೆ. ತೊಮ್ಮೆನ್ ಮತ್ತು ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರ ಪೀಠವು 1991ರ ಜುಲೈನಲ್ಲಿ ತಿರಸ್ಕರಿಸಿತು.

ಏಕಸದಸ್ಯ ಪೀಠದ ವಾದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಬೆಳೆಯುವ ನಗರಕ್ಕೆ ಆಸ್ಪತ್ರೆ ಬೇಡವೆನ್ನುವವರು ಯಾರು? ಮೇಲಾಗಿ ಸದಾಶಿವನಗರ ಬಡವರ ಕೇರಿಯೂ ಅಲ್ಲ. ಉಳ್ಳವರು ತಮ್ಮ ವಾಯುವಿಹಾರಕ್ಕಾಗಿ ಹೂಡಿದ ದಾವೆಯೆಂದು ಇದನ್ನು ಬಗೆಯಲೂ ಬಹುದು. ಆದರೆ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಆಸ್ಪತ್ರೆ ಬೇಕೆ ಬೇಡವೆ ಎಂಬುದಲ್ಲ. ಯೋಜನೆಯಲ್ಲಿ ಸುಧಾರಣೆ ಸಾಧ್ಯವೆಂದು ತೋರಿದರೆ ಅದನ್ನು ಮಾರ್ಪಡಿಸಲು 19ನೆಯ ಕಲಮಿನಲ್ಲಿ ಪ್ರಾಧಿಕಾರಕ್ಕೆ ಅವಕಾಶವಿದೆ. ಎಲ್ಲರಿಗೂ ತೆರೆದಿರುವ ಬಯಲನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಡುವುದು ಸುಧಾರಣೆಯಾಗದೆಂದು ಪೀಠ ನಿರ್ಣಯಿಸಿತು. 65ನೆಯ ಕಲಮಿನ ಪ್ರಕಾರ ಸರ್ಕಾರ ನೀಡಬಹುದಾದ ನಿರ್ದೇಶನಗಳು ಕಾಯ್ದೆಯ ಉದ್ದೇಶವನ್ನು ಈಡೇರಿಸಲೆಂದೇ ಹೊರತು ಅದನ್ನು ಮುರಿಯಲೆಂದಲ್ಲ. ಉದ್ಯಾನವನ್ನು ಕಳೆದುಕೊಂಡ ನಷ್ಟವನ್ನು ಶುಶ್ರೂಷಾಲಯ ತುಂಬಿಕೊಡಲಾರದೆಂದು ನ್ಯಾಯಮೂರ್ತಿ ಸಹಾಯ್ ಪ್ರತ್ಯೇಕವಾಗಿ ಅಭಿಪ್ರಾಯಪಟ್ಟರು. ರೋಗ ಬಾರದಂತೆ ತಡೆಯುವುದೇ ಲೇಸೆಂಬ ಅವರ ತರ್ಕ ಪ್ಲೇಗಿನ ಕಾಲದ ಬಡಾವಣೆಗಳನ್ನು ನೆನಪಿಗೆ ತರುತ್ತದೆ.

ಇನ್ನೊಂದು ಅಂಶ ಇದಕ್ಕಿಂತಲೂ ಮುಖ್ಯವಾದುದು. ಬಡಾವಣೆಯ ನಿವಾಸಿಗಳಿಗೆ ಇಂಥ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕಿದೆಯೆಂದು ನ್ಯಾಯಾಲಯ ಸ್ಪಷ್ಟವಾಗಿ ಒಪ್ಪಿತು. ಅಲ್ಲಿಯವರೆಗೆ ಕಚೇರಿಯ ಕಡತದಲ್ಲಿದ್ದ ನಕ್ಷೆ ನಿವಾಸಿಗಳ ಕೈಗೆ ಬಂದಂತಾಯಿತು.

ದಾವೆ ನಡೆಯುತ್ತಿದ್ದ ಅವಧಿಯಲ್ಲಿಯೇ ಶಾಸನವೂ ಬಿಗಿಯಾಗಿತ್ತು. 1984ರ ತಿದ್ದುಪಡಿಯು ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಶೇ. 15ಕ್ಕೆ ಕಡಿಮೆಯಿಲ್ಲದಂತೆ, ನಾಗರಿಕ ಸೌಲಭ್ಯಗಳಿಗೆ ಶೇ. 10ಕ್ಕೆ ಕಡಿಮೆಯಿಲ್ಲದಂತೆ ಜಾಗ ಕಾದಿರಿಸಬೇಕೆಂದು ವಿಧಿಸಿತು. 1985ರಲ್ಲಿ ಉದ್ಯಾನ, ಆಟದ ಮೈದಾನ ಹಾಗೂ ಬಯಲು ಸ್ಥಳಗಳ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆಯೇ ಬಂದಿತು. ಖಾಸಗಿ ಮನೆಗಳು ಅಂಗಡಿ, ಕಚೇರಿಗಳಾಗುವ ಪ್ರಶ್ನೆ ಬೇರೆಯೇ ಹಾದಿ ಹಿಡಿಯಿತು. 2007ರಲ್ಲಿ ಅಂಗೀಕೃತವಾದ ಪರಿಷ್ಕೃತ ಮಹಾಯೋಜನೆ ಮಿಶ್ರ ಬಳಕೆಗೆ ಎಡೆಗೊಟ್ಟಾಗ ಹಳೆಯ ಬಡಾವಣೆಗಳ ನಿವಾಸಿಗಳು ಅದನ್ನು ಬಲವಾಗಿ ವಿರೋಧಿಸಿದರು. ಪೇಟೆಯ ಪೂರ್ವಜರು ಅಂಗಡಿಯ ಮಹಡಿಯಲ್ಲೇ ಬಾಳಿದ್ದರೆಂಬುದು ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಸದಾಶಿವನಗರದ ತೀರ್ಪು ನಾಡಿನ ಗಡಿಯನ್ನೂ ದಾಟಿತು. ಲಖನೌದ ಅಮೀನಾಬಾದಿನ ಝಂಡೇವಾಲಾ ಉದ್ಯಾನದಡಿ ನೆಲಮಾಳಿಗೆಯ ಮಾರುಕಟ್ಟೆ ಕಟ್ಟಲು ಅಲ್ಲಿನ ನಗರ ಮಹಾಪಾಲಿಕೆ ಟೆಂಡರು ಕರೆಯದೆ ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಗೆಯಿತ್ತಿತ್ತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರಿನ ಪ್ರಕರಣವನ್ನು ಆಧರಿಸಿ, ಆ ಕಟ್ಟಡವನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಬೇಕೆಂದು ಮಹಾಪಾಲಿಕೆಗೆ ಆದೇಶಿಸಿತು.