ಶಾಲಿನ ಹಿಂಬದಿ

ದೆಹಲಿಗೆ ಚಳಿ ಬಂತೆಂದು ನಮ್ಮ ಕಾಲೊನಿಗೆ ಮೊದಲು ತಿಳಿಸುವವರು ಕಾಶ್ಮೀರದ ಶಾಲಿನವರು. ದೀಪಾವಳಿ ಕಳೆದು ಎರಡು ವಾರವಾಗುವಷ್ಟರಲ್ಲಿ ಬಿಳಿ ಬಟ್ಟೆಯ ದೊಡ್ಡ ಗಂಟು ಹೊತ್ತು ಮೆಟ್ಟಿಲು ಹತ್ತಿ ಬರುತ್ತಾರೆ. ಕೊಟ್ಟ ಚಹಾ ಕುಡಿಯುತ್ತ, ಅವಸರವೇ ಇಲ್ಲದವರಂತೆ ಗಂಟು ಬಿಚ್ಚುತ್ತಾರೆ. ಮೇಲಿರುವುದು 800 ರೂಪಾಯಿಯ ಶಾಲು. ಗಂಟಿನ ತಳಕ್ಕೆ ಹೋದಂತೆ ಬೆಲೆ ಏರುತ್ತದೆ. ಹೋದ ವರ್ಷ ನಾನು ತಳದವರೆಗೂ ಹೋಗಿಬಿಟ್ಟೆ. ತೆಳು ಬಾದಾಮಿ ಬಣ್ಣದ ಪಶ್ಮೀನಾ, ಅಂಚಿನಲ್ಲಿ ಬೆರಳಗಲದ ಸೂಜಿ ಕಸೂತಿ. ಚೌಕಾಸಿ ಮುಗಿದಾಗ 18,000 ರೂಪಾಯಿ. ಅವ್ವನಿಗೆಂದು ಕೊಂಡೆ.

ಅವ್ವನ ತವರು ಗುಳೇದಗುಡ್ಡ. ಖಣದ ಮಗ್ಗದ ಮನೆಯಲ್ಲಿ ಹುಟ್ಟಿ, ಶಾಲೆಗೆ ಹೋಗುವ ಮೊದಲೇ ಕಂಡಿಕೆ ಸುತ್ತುವುದನ್ನು ಕಲಿತವಳು. ಅಂಥವಳಿಗೆ ಬಟ್ಟೆ ಕೊಡುವುದು ಪರೀಕ್ಷೆಗೆ ಕೂತ ಹಾಗೆ. ಶಾಲನ್ನು ಬಿಚ್ಚಿದವಳೇ ಮೊದಲು ತಿರುವಿ ಹಿಂಬದಿ ನೋಡಿದಳು, ಕಸೂತಿಯ ಮೇಲೆ ಉಗುರಾಡಿಸಿದಳು. “ಎಷ್ಟ ಕೊಟ್ಟಿ?” ಅಂದಳು. “ಹದಿನೈದನೂರು” ಅಂದೆ. ಏನೂ ಮಾತಾಡದೆ ಮಡಚಿ ಟ್ರಂಕಿನಲ್ಲಿಟ್ಟಳು.

ಸುಳ್ಳು ಹೇಳಿದ್ದಕ್ಕಿಂತ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ನಿಜವಾದ ಬೆಲೆ ಹೇಳಿದ್ದರೆ ಅದನ್ನು ಸಮರ್ಥಿಸಿಕೊಳ್ಳಲು ನನ್ನ ಹತ್ತಿರ ಏನಿತ್ತು? ಹದಿನೆಂಟು ಸಾವಿರದಲ್ಲಿ ಉಣ್ಣೆಗೆಷ್ಟು, ಕೈಕೆಲಸಕ್ಕೆಷ್ಟು, ‘ಕಾಶ್ಮೀರಿ’ ಎಂಬ ಹೆಸರಿಗೆಷ್ಟು? ಈ ಕುತೂಹಲದಿಂದ ಶಾಲಿನ ಚರಿತ್ರೆ ಓದಲು ಕೂತೆ. ಇನ್ನೂರು ವರ್ಷಗಳ ಹಿಂದೆ ಜಗತ್ತಿನ ಅತಿ ದುಬಾರಿ ಫ್ಯಾಶನ್ ಎನಿಸಿಕೊಂಡಿದ್ದ ವಸ್ತು ಇದು. ಅದರ ಬೆಲೆ ಎಲ್ಲಿ ಹೋಯಿತು ಎಂಬ ಲೆಕ್ಕ ಅಷ್ಟಿಷ್ಟು ಉಳಿದಿದೆ.

ಮೊದಲು ಉಣ್ಣೆಯ ಮಾತು. ಲಡಾಖ್ ಮತ್ತು ಪಶ್ಚಿಮ ಟಿಬೆಟ್‌ನ ಚಾಂಗ್‌ಥಾಂಗ್ ಪ್ರಸ್ಥಭೂಮಿ 4,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಮೇಕೆಗಳಿಗೆ ಹೊರಗೂದಲಿನ ಅಡಿಯಲ್ಲಿ ಚಳಿ ತಡೆಯಲೆಂದು ಬೆಳೆಯುವ ಒಳತುಪ್ಪಳವೇ ಪಶ್ಮ್. ಚಳಿಗಾಲ ಕಳೆದ ಮೇಲೆ ಅದನ್ನು ಬಾಚಿ ತೆಗೆಯುತ್ತಾರೆ. ಒರಟು ಕೂದಲು ಬೇರ್ಪಡಿಸಿದರೆ ಒಂದು ಮೇಕೆಗೆ ಉಳಿಯುವುದು ತೀರ ಸ್ವಲ್ಪ. ಅದು ಶ್ರೀನಗರಕ್ಕೆ ಬಂದು ಹೆಂಗಸರ ಕೈಯಲ್ಲಿ, ಮನೆಮನೆಯ ರಾಟೆಯಲ್ಲಿ ನೂಲಾಗುತ್ತದೆ. ಯಂತ್ರಕ್ಕೆ ಹಾಕಿದರೆ ತುಂಡಾಗುವಷ್ಟು ಸಣ್ಣ ಎಳೆ. ಗಟ್ಟಿಯಾಗಲೆಂದು ಗಿರಣಿಗಳಲ್ಲಿ ನೈಲಾನ್ ಬೆರೆಸಿ ನೂತು, ಆಮೇಲೆ ಅದನ್ನು ಕರಗಿಸಿ ತೆಗೆಯುವುದುಂಟು.

ಹಳೆಯ ಕಾಲದ ದುಬಾರಿ ಶಾಲಿಗೆ ಕಸೂತಿ ಇರಲಿಲ್ಲ, ಚಿತ್ತಾರವನ್ನೇ ನೇಯುತ್ತಿದ್ದರು. ಅದಕ್ಕೆ ಕಾನಿ ಎಂದು ಹೆಸರು. ಲಾಳಿ ಒಂದು ಅಂಚಿನಿಂದ ಇನ್ನೊಂದಕ್ಕೆ ಓಡುವ ನೇಯ್ಗೆ ಅದಲ್ಲ. ಪ್ರತಿ ಬಣ್ಣಕ್ಕೂ ನೂಲು ಸುತ್ತಿದ ಪುಟ್ಟ ಮರದ ಕಡ್ಡಿ. ಅಂಥ ನೂರಾರು ಕಡ್ಡಿಗಳು ಮಗ್ಗದ ಮೇಲೆ ಸಾಲಾಗಿ ತೂಗುತ್ತವೆ. ಯಾವ ಬಣ್ಣ ಎಷ್ಟು ಎಳೆ ದಾಟಬೇಕೆಂಬುದನ್ನು ‘ತಾಲೀಮ್’ ಎಂಬ ಸಂಕೇತ ಲಿಪಿಯಲ್ಲಿ ಬರೆದಿಡುತ್ತಾರೆ, ನೇಕಾರರು ಅದನ್ನು ಓದಿಕೊಂಡು ಹೊಕ್ಕು ಹಾಕುತ್ತಾರೆ. ನಮ್ಮಲ್ಲಿ ಕೋಡಿಂಗ್ ಮಾಡಿ ಹೊಟ್ಟೆ ಹೊರೆಯುವವರು ಒಮ್ಮೆ ಆ ಕಾಗದಗಳನ್ನು ನೋಡಬೇಕು. 1822–23ರಲ್ಲಿ ಕಾಶ್ಮೀರದಲ್ಲಿದ್ದ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಕಂಪನಿಯ ಪಶುವೈದ್ಯ ಇದನ್ನೆಲ್ಲ ಕೂತು ಬರೆದಿಟ್ಟಿದ್ದಾನೆ. ಅತ್ಯುತ್ತಮ ದರ್ಜೆಯ ಶಾಲಾದರೆ ಮೂವರು ಇಡೀ ದಿನ ಕೂತರೂ ಕಾಲಿಂಚು ಮುಗಿಯದು, ಒಂದೇ ಶಾಲಿಗೆ ವರ್ಷ ಮೀರುವುದೂ ಉಂಟು ಎಂದು ಅವನ ಲೆಕ್ಕ.

ಇಷ್ಟು ಕೇಳಿದರೆ ಬೆಲೆಯ ಬಗ್ಗೆ ತಕರಾರಿಗೆ ಜಾಗವೇ ಇಲ್ಲ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು, ಅದೇ ಮೂರ್‌ಕ್ರಾಫ್ಟ್ ಸುಂಕದ ಬಗ್ಗೆ ಬರೆದದ್ದನ್ನು ಓದುವವರೆಗೆ. ಆಗ ಸಿಖ್ಖರ ಆಳ್ವಿಕೆ. ನೇಯ್ದ ಪ್ರತಿ ಶಾಲಿಗೂ ಸರ್ಕಾರದ ಮೊಹರು ಬೀಳಬೇಕು. ಮೊಹರಿಗೆ ಶಾಲಿನ ಅಂದಾಜು ಬೆಲೆಯ ಶೇ. 26 ಸುಂಕ. ಈ ಮೊಹರಿನ ವ್ಯವಸ್ಥೆಗೆ ‘ದಾಗ್ ಶಾಲ್’ ಎಂದು ಹೆಸರು. ಆಫ್ಘನ್ನರು ಶುರು ಮಾಡಿದ್ದನ್ನು ಸಿಖ್ಖರು ಮುಂದುವರಿಸಿದರು, ಅವರ ನಂತರ ಬಂದ ಡೋಗ್ರಾ ಅರಸರೂ ಬಿಡಲಿಲ್ಲ. ಅಂದರೆ ಕೊಳ್ಳುವವನು ಕೊಟ್ಟ ಹಣದ ಕಾಲು ಭಾಗ ಮಗ್ಗದ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಉಳಿದದ್ದರಲ್ಲಿ ಕಾರ್ಖಾನೆಯ ಯಜಮಾನ, ದಲಾಲಿ, ದಾರಿಯ ಸುಂಕದ ಕಟ್ಟೆಗಳು.

ಬೇಡಿಕೆಗಂತೂ ಕೊರತೆ ಇರಲಿಲ್ಲ. 1586ರಲ್ಲಿ ಕಾಶ್ಮೀರ ಗೆದ್ದ ಅಕ್ಬರನಿಗೆ ಶಾಲಿನ ಹುಚ್ಚು. ಎರಡು ಶಾಲು ಜೋಡಿಸಿ ಹೊದೆಯುವ ರೂಢಿ ತಂದವನು ಅವನೇ ಎನ್ನುತ್ತದೆ ಅಬುಲ್ ಫಜಲನ ‘ಐನ್-ಇ-ಅಕ್ಬರಿ’. ನಮ್ಮ ಹಿರಿಯರ ಬಾಯಲ್ಲಿದ್ದ ‘ಜೋಡಿಶಾಲು’ ಎಂಬ ಮಾತಿಗೆ ಮೂಲ ಅಲ್ಲೇ ಇರಬಹುದು ಎಂದು ನನ್ನ ಊಹೆ. ಮೊಗಲರು ದರ್ಬಾರಿನಲ್ಲಿ ಖಿಲ್ಲತ್ತೆಂದು ಕೊಡುತ್ತಿದ್ದ ಉಡುಗೊರೆಗಳಲ್ಲಿ ಶಾಲೂ ಸೇರಿತ್ತು. ನಮ್ಮ ಕನ್ನಡ ಸಂಘಗಳ ವೇದಿಕೆಯ ಮೇಲೆ ಹಾರ, ಫಲತಾಂಬೂಲದ ಜೊತೆ ಇವತ್ತಿಗೂ ಬರುವ, ಮನೆಗೆ ಒಯ್ದ ಮೇಲೆ ಏನು ಮಾಡುವುದೆಂದು ತಿಳಿಯದ ಆ ಹೊಳೆಯುವ ಶಾಲು ಅದರ ದೂರದ ಬಡ ಸಂಬಂಧಿ.

ಯುರೋಪಿಗೆ ಈ ಹುಚ್ಚು ಹಬ್ಬಿದ್ದು ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ. ಅಲ್ಲಿಂದ ಬಂದ ಶಾಲುಗಳು ಪ್ಯಾರಿಸ್‌ನಲ್ಲಿ ಸುದ್ದಿ ಮಾಡಿದವು. ಅವನ ಹೆಂಡತಿ ಜೋಸೆಫಿನ್ ಹೊದೆಯಲು ಮಾತ್ರವಲ್ಲ, ಕತ್ತರಿಸಿ ಗೌನು ಹೊಲಿಸಿಕೊಳ್ಳಲೂ ಕಾಶ್ಮೀರಿ ಶಾಲು ಬಳಸಿದಳು. ಚಿತ್ರಕಾರ ಗ್ರೋ ಅವಳನ್ನು ಹಾಗೆಯೇ ಬರೆದಿದ್ದಾನೆ. 1846ರಲ್ಲಿ ಇಂಗ್ಲಿಷರು 75 ಲಕ್ಷ ರೂಪಾಯಿಗೆ ಕಾಶ್ಮೀರವನ್ನು ಗುಲಾಬ್ ಸಿಂಗನಿಗೆ ಒಪ್ಪಿಸಿದಾಗ ಅಮೃತಸರದ ಒಪ್ಪಂದದಲ್ಲಿ ವರ್ಷದ ಕಪ್ಪ ಎಷ್ಟೆಂದು ಬರೆಸಿದರು: ಒಂದು ಕುದುರೆ, ಹನ್ನೆರಡು ಶಾಲಿನ ಮೇಕೆ, ಮೂರು ಜೋಡಿ ಕಾಶ್ಮೀರಿ ಶಾಲು.

ದುಬಾರಿ ಫ್ಯಾಶನ್ನಿಗೆ ಅಗ್ಗದ ನಕಲು ಬರುವುದು ಆಗಲೂ ತಡವಾಗಲಿಲ್ಲ. ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಮಗ್ಗಗಳು ಕಾಶ್ಮೀರದ ವಿನ್ಯಾಸವನ್ನು ಎತ್ತಿಕೊಂಡವು, ಜಕಾರ್ಡ್ ಯಂತ್ರ ಬಂದ ಮೇಲೆ ಕೆಲಸ ಇನ್ನೂ ಸಲೀಸಾಯಿತು. ನಮ್ಮ ಸೀರೆಗಳಲ್ಲಿ ಮಾವಿನಕಾಯಿ, ಮುಂಬೈ-ಪುಣೆಯವರ ಬಾಯಲ್ಲಿ ಕೈರಿ ಎನಿಸಿಕೊಳ್ಳುವ ಬುಟ್ಟಾ ಜಗತ್ತಿಗೆಲ್ಲ ‘ಪೇಸ್ಲಿ’ ಆದದ್ದು ಹೀಗೆ. ಶ್ರೀಮಂತೆ ಹೊದ್ದದ್ದನ್ನು ಹೋಲುವ ಶಾಲು ಗುಮಾಸ್ತನ ಹೆಂಡತಿಗೂ ಸಿಕ್ಕಿತು. ಇದನ್ನು ಕೇವಲ ಕಳ್ಳತನವೆಂದು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಪೇಸ್ಲಿಯ ನೇಕಾರರೂ ಸುಖಪಟ್ಟವರಲ್ಲ, 1840ರ ದಶಕದ ಆರಂಭದಲ್ಲಿ ಗಿರಾಕಿ ಬಿದ್ದಾಗ ಆ ಊರಿನ ಎಷ್ಟೋ ಮನೆಗಳು ದಾನದ ಅನ್ನದ ಮೇಲೆ ಬದುಕಿದವು.

ಕಾಶ್ಮೀರದಲ್ಲಿ ಏನಾಗುತ್ತಿತ್ತು? ಹತ್ತೊಂಬತ್ತನೆಯ ಶತಮಾನದ ನಡುವಿಗೆ ಫ್ರೆಂಚ್ ಏಜೆಂಟರು ಶ್ರೀನಗರದಲ್ಲೇ ಬೀಡುಬಿಟ್ಟು, ಪ್ಯಾರಿಸ್ಸಿನ ರುಚಿಗೆ ತಕ್ಕ ನಕ್ಷೆ ಕೊಟ್ಟು ನೇಯಿಸುತ್ತಿದ್ದರು. ಆರ್ಡರು ಬೇಗ ಮುಗಿಯಲೆಂದು ಒಂದು ಶಾಲನ್ನು ಹಲವು ಮಗ್ಗಗಳಲ್ಲಿ ತುಂಡುತುಂಡಾಗಿ ನೇಯ್ದು, ಹೊಲಿಗೆ ಕಾಣದಂತೆ ರಫೂಗಾರರಿಂದ ಕೂಡಿಸುತ್ತಿದ್ದರು. ವ್ಯಾಪಾರ ಜೋರಾಗಿತ್ತು. ನೇಕಾರ ಮಾತ್ರ ಯಜಮಾನನನ್ನು ಬಿಟ್ಟು ಬೇರೆಡೆ ಹೋಗುವ ಹಾಗಿರಲಿಲ್ಲ, ಸಿಕ್ಕ ಕೂಲಿಯಲ್ಲಿ ದೊಡ್ಡ ಪಾಲು ತೆರಿಗೆಗೆ ಹೋಗುತ್ತಿತ್ತು. ತಪ್ಪಿಸಿಕೊಂಡು ಬೆಟ್ಟ ದಾಟಿ ಅಮೃತಸರ, ಲೂಧಿಯಾನ ಸೇರಿದವರು ಬಹಳ. ಉಳಿದವರು 1865ರ ಏಪ್ರಿಲ್ 29ರಂದು ಶ್ರೀನಗರದ ಝಾಲ್‌ಡಗರ್‌ನಲ್ಲಿ ಸೇರಿ ತೆರಿಗೆ ಇಳಿಸಿ ಎಂದು ಕೂಗಿದರು. ಸೈನ್ಯ ಬಂತು. ಓಡಿದವರಲ್ಲಿ ಎಷ್ಟೋ ಜನ ಸೇತುವೆಯಿಂದ ಕಾಲುವೆಗೆ ಬಿದ್ದು ಮುಳುಗಿದರು. ಸತ್ತವರು 28 ಮಂದಿ ಎಂದು ಅಲ್ಲಿಯವರು ನೆನೆಯುತ್ತಾರೆ. ಅದೇ ವರ್ಷ ಪ್ಯಾರಿಸ್ಸಿನ ಮದುವೆಗಳಲ್ಲಿ ಹೆಣ್ಣಿಗೆ ಶಾಲು ಹೊದಿಸಿಯೇ ಇರಬೇಕು.

ಐದು ವರ್ಷಕ್ಕೆ ಆ ಗಿರಾಕಿಯೂ ಹೋಯಿತು. 1870ರಲ್ಲಿ ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧಕ್ಕಿಳಿದು ಸೋತಿತು. ಹಿಂಭಾಗ ಉಬ್ಬಿಸಿ ತೊಡುವ ಗೌನಿನ ಫ್ಯಾಶನ್ ಬೇರೆ ಬಂದಿತ್ತು. ಅದರ ಮೇಲೆ ದೊಡ್ಡ ಶಾಲು ಹೊದ್ದರೆ ಗೌನಿನ ಅಂದವೇ ಕಾಣದು. ಜರ್ಮನ್ನರು ಗೆದ್ದ ಸುದ್ದಿ ಶ್ರೀನಗರಕ್ಕೆ ಮುಟ್ಟಿದಾಗ ಶಾಲಿನ ನೇಕಾರರು ಗೊಳೋ ಎಂದು ಅತ್ತರಂತೆ. ಕಣ್ಣಾರೆ ಕಂಡವರಿಂದ ಕೇಳಿದೆ ಎಂದು ವಾಲ್ಟರ್ ಲಾರೆನ್ಸ್ 1895ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಈ ಒಂದು ಸಾಲಿನ ಮೇಲೆ ನಾನು ಬಹಳ ಹೊತ್ತು ನಿಂತೆ. ಪ್ಯಾರಿಸ್ ಎಲ್ಲಿದೆಯೆಂದು ತಿಳಿಯದ ಜನ ಅದರ ಸೋಲಿಗೆ ಅಳಬೇಕಾಯಿತು. ಬೆಲೆ ಏರಿದಾಗ ಅವರ ಕೂಲಿ ಏರಿರಲಿಲ್ಲ, ಬೆಲೆ ಬಿದ್ದಾಗ ಮಾತ್ರ ಮೊದಲು ಬಿದ್ದದ್ದು ಅವರ ಮೇಲೆ. 1877ರಿಂದ 79ರವರೆಗಿನ ಬರಗಾಲದಲ್ಲಿ, ಹೊಲವೂ ಇಲ್ಲದೆ ಮಗ್ಗವೂ ನಡೆಯದೆ, ಅವರಲ್ಲಿ ಬಹಳ ಜನ ಸತ್ತುಹೋದರು.

ಕಾನಿ ಪೂರ್ತಿ ಅಳಿಯಲಿಲ್ಲ. ಈಗ ಕಾಶ್ಮೀರಿ ಪಶ್ಮೀನಾಕ್ಕೆ ಜಿಐ ಮಾನ್ಯತೆ ಇದೆ, ಶ್ರೀನಗರದಲ್ಲಿ ಪರೀಕ್ಷೆ ಮಾಡಿ ಮುದ್ರೆ ಹಾಕಿಕೊಡುವ ಕೇಂದ್ರವಿದೆ. ಇನ್ನೊಂದು ಕಡೆ ಅಮೃತಸರದ ಪವರ್‌ಲೂಮ್‌ಗಳಿಂದ ಕಾನಿಯ ಪಡಿಯಚ್ಚು ಶಾಲುಗಳು ಥಾನುಗಟ್ಟಲೆ ಬರುತ್ತವೆ. ಹಿಂದೆ ನೇಕಾರರು ಓಡಿಹೋಗಿ ಸೇರಿದ ಊರೇ ಅದು. ರಾಟೆ ತಿರುಗಿಸುವ ಹೆಂಗಸರಿಗೆ ಹತ್ತು ಎಳೆಯ ಒಂದು ಗಂಟಿಗೆ ಒಂದು ರೂಪಾಯಿಯ ಲೆಕ್ಕ ಬಹುಕಾಲ ನಡೆಯಿತು. ಎಷ್ಟೋ ಮನೆಗಳಲ್ಲಿ ರಾಟೆ ಅಟ್ಟ ಸೇರಿದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಾಗಾದರೆ ನನ್ನ ಹದಿನೆಂಟು ಸಾವಿರ? ಕೈಯಿಂದ ನೂತು, ಕೈಯಿಂದ ನೇಯ್ದ ಶಾಲಿಗೆ ಅದು ಹೆಚ್ಚಲ್ಲ ಎಂದೇ ಈಗಲೂ ಅನ್ನುತ್ತೇನೆ. ಗಂಟೆಗಳ ಲೆಕ್ಕ ಹಾಕಿದರೆ ಕಡಿಮೆಯೇ. ಆಫೀಸಿನ ಹುಡುಗರು ಎದೆಯ ಮೇಲೆ ಕಂಪನಿಯ ಹೆಸರು ಬರೆದ ಟೀ ಶರ್ಟಿಗೆ ಕೊಡುವ ಆರೇಳು ಸಾವಿರದ ಮುಂದಂತೂ ಕಡಿಮೆ. ಆದರೆ ಶಾಲಿಗೆ ಬೆಲೆ ಸಲ್ಲುತ್ತದೆ ಎನ್ನುವುದೂ, ನಾನು ಕೊಟ್ಟ ಬೆಲೆ ಅದನ್ನು ಮಾಡಿದವರಿಗೆ ಸಂದಿತು ಎನ್ನುವುದೂ ಒಂದೇ ಅಲ್ಲ. ಕೊಳ್ಳುವಾಗ ನಾನು ಎಳೆ ನೋಡಿದ್ದೆ, ಕಸೂತಿ ನೋಡಿದ್ದೆ, ಚೌಕಾಸಿಯಲ್ಲಿ ಎರಡು ಸಾವಿರ ಇಳಿಸಿ ಬೀಗಿದ್ದೆ. ಆ ಎರಡು ಸಾವಿರ ಯಾರ ಪಾಲಿನಿಂದ ಇಳಿಯಿತೋ.

ಹೋದ ತಿಂಗಳು ಅವ್ವ ಫೋನು ಮಾಡಿದಳು. ಪಕ್ಕದ ಮನೆಯಲ್ಲಿ ಲಗ್ನ. “ಆ ಶಾಲು ಟ್ರಂಕಿನ್ಯಾಗ ಸುಮ್ಮನ ಕುಂತೈತಿ. ಹದಿನೈದನೂರಿಂದ ಅಲ್ಲೇನು, ಆ ಹುಡುಗಿಗೆ ಕೊಟ್ಟಬಿಡ್ಲಿ?”

ಬೇರೆ ದಾರಿಯಿರಲಿಲ್ಲ, ನಿಜ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೈಗುಳಕ್ಕೆ ಕಾಯುತ್ತಿದ್ದೆ.

“ಗೊತ್ತಿತ್ತ ತಗೋ, ಹಿಂದ ತಿರುವಿ ನೋಡೀನಲ್ಲ” ಅಂದಳು. “ನೇದಾಂವ್ಗ ಎಷ್ಟ ಸಿಕ್ಕಿತಂತ?”

“ಕೇಳಲಿಲ್ಲವ್ವ” ಅಂದೆ.