ಇಳಿದ ತೂಕ ಉಳಿಯುವುದು ಹೇಗೆ: ಊಟ, ನಡಿಗೆ ಮತ್ತು ಮನೆಯ ರೂಢಿ

ತೂಕ ಇಳಿಸುವುದರ ಬಗ್ಗೆ ಕನ್ನಡದಲ್ಲಿ ಬರುವ ಆರೋಗ್ಯ ಬರಹಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಎಷ್ಟು ದಿನದಲ್ಲಿ ಎಷ್ಟು ಕಿಲೊ? ಈ ಲೇಖನದ ಪ್ರಶ್ನೆ ಬೇರೆ. ಇಳಿದ ತೂಕ ಐದು, ಎಂಟು ವರ್ಷಗಳಾದ ಮೇಲೂ ಮರಳಿ ಏರದಂತೆ ಕೆಲವರು ಕಾಯ್ದುಕೊಂಡದ್ದು ಹೇಗೆ? ಕಳೆದ ಮೂವತ್ತು ವರ್ಷಗಳ ಅಧ್ಯಯನಗಳನ್ನು ಈ ಪ್ರಶ್ನೆ ಹಿಡಿದು ಓದಿದಾಗ ನಾನು ತಲುಪಿದ ನಿಲುವು ಇದು: ಇಳಿಸುವುದು ಮತ್ತು ಉಳಿಸಿಕೊಳ್ಳುವುದು ದೇಹದ ಮಟ್ಟಿಗೆ ಎರಡು ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಒಬ್ಬರ ಛಲ ಸಾಕಾಗಬಹುದು. ಎರಡನೆಯದಕ್ಕೆ ಮನೆಯ ರೂಢಿಯೇ ಬದಲಾಗಬೇಕು.

ಪ್ರಶ್ನೆ ನಮ್ಮ ನಾಡಿಗೆ ದೂರದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲೂ ಪುರುಷರಲ್ಲೂ ಸುಮಾರು ಶೇ. 30ರಷ್ಟು ಮಂದಿಗೆ ಮಿತಿಮೀರಿದ ತೂಕವಿದೆ. ದೇಶದ ಸರಾಸರಿ ಶೇ. 24ರ ಆಸುಪಾಸಿನದು. ಸಮೀಕ್ಷೆ ಬಳಸಿದ್ದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25 ಎಂಬ ಗೆರೆಯನ್ನು. ಭಾರತೀಯರಿಗೆ 23ರಿಂದಲೇ ಎಚ್ಚರ ಬೇಕೆಂದು 2009ರಲ್ಲಿ ನಮ್ಮ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ಆ ಗೆರೆಯಿಂದ ಅಳೆದರೆ ಸಂಖ್ಯೆ ಇನ್ನೂ ದೊಡ್ಡದಾಗುತ್ತದೆ.

ಈ ಗೆರೆ ಏಕೆ ಕೆಳಗಿಳಿಯಬೇಕು ಎಂಬುದಕ್ಕೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮ ದೇಹವನ್ನೇ ಸಾಕ್ಷಿಯಾಗಿ ಇಟ್ಟರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಜಾನ್ ಎಸ್. ಯುಡ್ಕಿನ್ ಅವರೂ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ತುಂಬಿಕೊಂಡಿರುವ ದೇಹ ನಮ್ಮಲ್ಲಿ ಅಪರೂಪವಲ್ಲ. ತಕ್ಕಡಿಯ ಅಂಕಿಯೊಂದನ್ನೇ ನಂಬಿ ಊಟ ಬಿಡುವವರು ಕಳೆದುಕೊಳ್ಳುವುದು ಕೊಬ್ಬನ್ನು ಮಾತ್ರವಲ್ಲ, ಮೊದಲೇ ಕಡಿಮೆಯಿರುವ ಸ್ನಾಯುವನ್ನೂ ಕೂಡ. ಆದ್ದರಿಂದ ಉಪವಾಸ ಬಿದ್ದು ತೂಕ ಇಳಿಸುವ ದಾರಿ ಭಾರತೀಯರಿಗೆ ಹೆಚ್ಚು ದುಬಾರಿ.

ದೇಹದ ಪ್ರತಿರೋಧ

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಮಿನೆಸೊಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಅವರು ಯುದ್ಧಕ್ಕೆ ಹೋಗಲು ಒಪ್ಪದೆ, ಹಸಿದ ಯುರೋಪಿನ ಜನರಿಗೆ ನೆರವಾಗಲೆಂದು ತಾವಾಗಿಯೇ ಮುಂದೆ ಬಂದವರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಮೈ ತಣ್ಣಗಾಯಿತು, ನಾಡಿ ನಿಧಾನವಾಯಿತು, ಹಗಲಿರುಳೂ ಅನ್ನದ್ದೇ ಯೋಚನೆ. ಹೊಟ್ಟೆ ತುಂಬ ಊಟ ಸಿಕ್ಕ ಮೇಲೂ ತಿಂಗಳುಗಟ್ಟಲೆ ಅವರ ಹಸಿವು ತಣಿಯಲಿಲ್ಲ. ಬರಗಾಲವನ್ನು ದಾಟಿ ಬದುಕುವುದನ್ನು ಕಲಿತ ದೇಹ ತೂಕ ಇಳಿದದ್ದನ್ನು ಆಪತ್ತೆಂದೇ ಎಣಿಸುತ್ತದೆ.

ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ರೂಡಾಲ್ಫ್ ಲೈಬೆಲ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಇದನ್ನು ಅಳೆದು ತೋರಿಸಿದರು. ತೂಕದ ಹತ್ತನೆಯ ಒಂದು ಭಾಗ ಕಳೆದುಕೊಂಡವರ ದೇಹ, ಕಿರಿದಾದ ಮೈಗೆ ಬೇಕಾದುದಕ್ಕಿಂತಲೂ ಕಡಿಮೆ ಶಕ್ತಿಯನ್ನು ಖರ್ಚು ಮಾಡತೊಡಗಿತು. ಮೆಲ್ಬರ್ನಿನ ಪ್ರಿಯಾ ಸುಮಿತ್ರನ್ ಅವರ ತಂಡ 2011ರಲ್ಲಿ ಹಸಿವಿನ ಕಡೆಯನ್ನು ಪರೀಕ್ಷಿಸಿತು. ಹತ್ತು ವಾರದ ಕಟ್ಟುನಿಟ್ಟಿನ ಆಹಾರಕ್ರಮ ಮುಗಿದು ಒಂದು ವರ್ಷವಾದರೂ ಹಸಿವು ಕೆರಳಿಸುವ ಗ್ರೆಲಿನ್ ಏರಿದ್ದು ಏರಿಯೇ ಇತ್ತು, ತೃಪ್ತಿಯ ಸುದ್ದಿ ಮುಟ್ಟಿಸುವ ಲೆಪ್ಟಿನ್ ಇಳಿದೇ ಇತ್ತು. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೊ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ತಂಡ ಮತ್ತೆ ಪರೀಕ್ಷಿಸಿದಾಗ 41 ಕಿಲೊ ಮರಳಿ ಬಂದಿತ್ತು. ವಿಶ್ರಾಂತಿಯಲ್ಲಿರುವಾಗಿನ ಶಕ್ತಿವ್ಯಯ ಮಾತ್ರ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಕಡಿಮೆಯೇ ಉಳಿದಿತ್ತು.

ತೂಕ ಮತ್ತೆ ಏರಿದವರನ್ನು ‘ಬಾಯಿಚಪಲ’ದವರೆಂದು ಹಂಗಿಸುವ ನಮ್ಮ ವಾಡಿಕೆಗೆ ಈ ಮೂರು ಅಧ್ಯಯನಗಳಾದ ಮೇಲೆ ಯಾವ ಆಧಾರವೂ ಉಳಿಯುವುದಿಲ್ಲ. ಅದು ಅನ್ಯಾಯ. ಆಸ್ಪತ್ರೆಯ ಕೋಣೆಯಲ್ಲಿ ಅಂಥ ಮಾತು ಕೇಳಿಸಿಕೊಂಡವರು ಮತ್ತೆ ತಪಾಸಣೆಗೆ ಬರಲು ಹಿಂಜರಿಯುತ್ತಾರೆ.

ಹೊಸ ಔಷಧಿಗಳ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಸೆಮಾಗ್ಲುಟೈಡ್ ಪಡೆದವರು 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಇಳಿಸಿದರು. ಚುಚ್ಚುಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೆಯ ಎರಡು ಭಾಗ ಮರಳಿತು. ಔಷಧಿ ಬೇಕಾದವರಿಗೆ ಅದು ಬೇಕೇ. ಆದರೆ ಅದು ಮುಗಿಯುವ ಚಿಕಿತ್ಸೆ ಎಂದು ಭಾವಿಸಿ ಆರಂಭಿಸುವುದು ತಪ್ಪು.

ಸಕ್ಕರೆಯ ಲೆಕ್ಕ

ಒಂದು ಕಿಲೊ ಕೊಬ್ಬಿಗೆ 7,700 ಕಿಲೋಕ್ಯಾಲೊರಿ ಎಂಬ ಹಳೆಯ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರೊಬ್ಬರು ಪ್ರತಿ ಲೋಟಕ್ಕೆ ಹಾಕುತ್ತಿದ್ದ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆಯನ್ನು ಬಿಟ್ಟರೆಂದು ಇಟ್ಟುಕೊಳ್ಳೋಣ. ಉಳಿತಾಯ ದಿನಕ್ಕೆ 120 ಕಿಲೋಕ್ಯಾಲೊರಿ. ಹಳೆಯ ಸೂತ್ರದಂತೆ ವರ್ಷಕ್ಕೆ ಐದೂವರೆ ಕಿಲೊಗೂ ಹೆಚ್ಚು, ಮೂರು ವರ್ಷಕ್ಕೆ 17 ಕಿಲೊ ಇಳಿಯಬೇಕು. ಹಾಗೆ ಆಗುವುದಿಲ್ಲ ಎಂಬುದು ಪ್ರಯತ್ನಿಸಿದ ಎಲ್ಲರಿಗೂ ಗೊತ್ತು. ಹಾಲ್ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದ ಲೆಕ್ಕದಂತೆ, ದಿನಕ್ಕೆ 24 ಕಿಲೋಕ್ಯಾಲೊರಿಯ ಶಾಶ್ವತ ಕಡಿತಕ್ಕೆ ಕೊನೆಗೆ ಸಿಗುವುದು ಒಂದು ಕಿಲೊ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಬಹುಪಾಲು ಮೂರು ವರ್ಷದೊಳಗೆ. ಆ ಪ್ರಕಾರ ಸಕ್ಕರೆ ಬಿಟ್ಟವರು ಮೊದಲ ವರ್ಷ ಎರಡೂವರೆ ಕಿಲೊ, ಮೂರು ವರ್ಷಕ್ಕೆ ಸುಮಾರು ಐದು ಕಿಲೊ ಇಳಿದು ಅಲ್ಲಿಗೇ ನಿಲ್ಲುತ್ತಾರೆ.

ನನ್ನ ದೃಷ್ಟಿಯಲ್ಲಿ ಇದು ನಿರಾಸೆಯ ಸುದ್ದಿಯಲ್ಲ. ಒಂದೇ ಒಂದು ರೂಢಿ ಬದಲಾದದ್ದಕ್ಕೆ, ಒಂದು ದಿನವೂ ಹಸಿದಿರದೆ, ಐದು ಕಿಲೊ. ಷರತ್ತು ಒಂದೇ: ಮೂರನೆಯ ವರ್ಷವೂ ಆ ಕಾಫಿಗೆ ಸಕ್ಕರೆ ಬೀಳಬಾರದು. ನಾಲಿಗೆ ಅದಕ್ಕೆ ಒಗ್ಗುವುದಕ್ಕೆ ಎಷ್ಟು ಕಾಲ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಸ್ವಯಂಸೇವಕರಲ್ಲಿ ಹೊಸ ರೂಢಿಯೊಂದು ಯೋಚಿಸದೆ ನಡೆಯುವ ಹಂತಕ್ಕೆ ಬರುವ ಅವಧಿಯನ್ನು ಅಂದಾಜಿಸಿತು. ಮಧ್ಯಾಂಕ 66 ದಿನ, ವ್ಯಾಪ್ತಿ 18ರಿಂದ 254. ಊಟ, ಪಾನೀಯದ ರೂಢಿಗಿಂತ ವ್ಯಾಯಾಮದ್ದು ನಿಧಾನ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಎಂಬುದು ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವಾಗಿ ಕಂಡ ಸಂಗತಿ. ಮದುವೆಮನೆಯಲ್ಲಿ ಹೋಳಿಗೆ ತಿಂದೆವೆಂದು ಇಡೀ ಪ್ರಯತ್ನವನ್ನೇ ಕೈಬಿಡುವವರಿಗೆ ಇದನ್ನು ಒತ್ತಿ ಹೇಳಬೇಕು.

ಯಾವ ಆಹಾರಕ್ರಮ ಮೇಲು ಎಂಬ ಜಗಳವನ್ನು ಇಲ್ಲಿ ಲಂಬಿಸುವುದಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ 609 ಮಂದಿಯನ್ನು ಒಂದು ವರ್ಷ ಕಡಿಮೆ ಕೊಬ್ಬಿನ ಮತ್ತು ಕಡಿಮೆ ಪಿಷ್ಟದ ಊಟಗಳಿಗೆ ಹಂಚಿದ ಪ್ರಯೋಗ (2018) 5.3 ಮತ್ತು 6 ಕಿಲೊ ಎಂಬ ಫಲ ಕೊಟ್ಟಿತು. ಆ ಅಂತರಕ್ಕೆ ಸಂಖ್ಯಾಶಾಸ್ತ್ರೀಯ ಮಹತ್ವವಿರಲಿಲ್ಲ. ಎರಡೂ ಗುಂಪುಗಳಲ್ಲಿ ಹೆಚ್ಚು ಇಳಿಸಿದವರೂ ಇದ್ದರು, ಏರಿಸಿಕೊಂಡವರೂ ಇದ್ದರು.

ನಡಿಗೆಯ ಪಾತ್ರ ಮಾತ್ರ ಸರಿಯಾಗಿ ತಿಳಿಯಬೇಕಾದದ್ದು. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 100ರಿಂದ 130 ಕಿಲೋಕ್ಯಾಲೊರಿ. ಪಾರ್ಕಿನಿಂದ ಹೊರಬಂದು ಒಂದು ಉದ್ದಿನ ವಡೆ ತಿಂದರೆ ಅದು ಸರಿಹೋಗುತ್ತದೆ. ಹೀಗಾಗಿ ‘ದಿನಾ ವಾಕಿಂಗ್ ಹೋಗ್ತೀನಿ, ಆದ್ರೂ ಇಳಿಯಲ್ಲ’ ಎಂಬ ದೂರು ನಿಜವಾದದ್ದೇ. ವ್ಯಾಯಾಮದ ಬಲ ತೋರುವುದು ಇಳಿದ ಮೇಲೆ. ಮೇಲೆ ಹೇಳಿದ ಟಿವಿ ಸ್ಪರ್ಧಿಗಳಲ್ಲಿ ತೂಕ ಉಳಿಸಿಕೊಂಡವರು ತಮ್ಮ ಚಟುವಟಿಕೆಯನ್ನು ಶೇ. 160ರಷ್ಟು ಹೆಚ್ಚಿಸಿಕೊಂಡಿದ್ದರು, ಮರಳಿ ದಪ್ಪಗಾದವರು ಶೇ. 34ರಷ್ಟು. ಇಳಿದ ತೂಕ ಉಳಿಸಿಕೊಂಡವರ ವಿವರಗಳನ್ನು ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ದಾಖಲಿಸತೊಡಗಿದರು. ಅಲ್ಲಿಯೂ ಶೇ. 90ರಷ್ಟು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುವವರು, ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ಅದು ತಾವಾಗಿ ಹೆಸರು ಕೊಟ್ಟವರ ಪಟ್ಟಿ, ಬಹುತೇಕ ಬಿಳಿಯ ಮಹಿಳೆಯರದು. ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಅದು ಸಾಬೀತುಪಡಿಸಲಾರದು. ಆದರೂ ಬೇರೆ ದಿಕ್ಕಿನಿಂದ ಬಂದ ಪುರಾವೆಗೆ ಅದು ಹೊಂದುತ್ತದೆ.

ಚೆನ್ನೈ ಅಧ್ಯಯನ ಮತ್ತು ನಮ್ಮ ಅಳತೆ

ನಮಗೆ ಅತಿ ಹತ್ತಿರದ ಸಾಕ್ಷ್ಯ ಚೆನ್ನೈನದು. ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿದರು. ಹೋಲಿಕೆಯ ಗುಂಪಿನಲ್ಲಿ ಶೇ. 55ರಷ್ಟು ಜನರಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ದಿನವೂ ಅರ್ಧ ಗಂಟೆ ನಡೆಯುವಂತೆ ಹೇಳಿದ ಗುಂಪಿನಲ್ಲಿ ಶೇ. 39.3. ಅದೇ ಸಾಧನೆಗೆ ಅಮೆರಿಕ ಮತ್ತು ಫಿನ್ಲೆಂಡಿನ ಪ್ರಯೋಗಗಳಲ್ಲಿ ತೂಕ ಇಳಿದದ್ದೇ ಮುಖ್ಯ ಕಾರಣವಾಗಿತ್ತು. ಚೆನ್ನೈನಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಕಿಲೊಗಳಿಂದಷ್ಟೇ ಅಳೆದಿದ್ದರೆ ಆ ಪ್ರಯೋಗ ಸೋತಿತೆಂದು ಬರೆದು ಮುಗಿಸಬೇಕಾಗುತ್ತಿತ್ತು, ಕಾಯಿಲೆ ತಡೆದ ದಿನಚರಿಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಸಲಹೆ ತಲುಪಿಸುವುದಕ್ಕೆ ದೊಡ್ಡ ವ್ಯವಸ್ಥೆಯೂ ಬೇಕಿಲ್ಲ: ಅದೇ ತಂಡ 537 ಪುರುಷರ ಮೇಲೆ ನಡೆಸಿದ ಮುಂದಿನ ಪ್ರಯೋಗದಲ್ಲಿ (2013) ಮೊಬೈಲಿಗೆ ನಿಯಮಿತವಾಗಿ ಬಂದ ಕಿರುಸಂದೇಶಗಳೇ ಎರಡು ವರ್ಷದಲ್ಲಿ ಕಾಯಿಲೆಯ ಪ್ರಮಾಣವನ್ನು ಶೇ. 27ರಿಂದ 18ಕ್ಕೆ ಇಳಿಸಿದವು.

ಆದ್ದರಿಂದ ನಮ್ಮಲ್ಲಿ ಯಶಸ್ಸಿನ ಅಳತೆ ರೂಢಿಯಾಗಬೇಕು, ತೂಕ ಅದರ ಹಿಂದೆ ಬರಬೇಕು. ಸೊಂಟದ ಸುತ್ತಳತೆ (ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ಮಿತಿ) ಕಿಲೊಗಿಂತ ಹೆಚ್ಚು ಹೇಳುತ್ತದೆ.

ಯಾವ ರೂಢಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಧಾನ್ಯಗಳ ಪಾಲನ್ನು ಶೇ. 45ಕ್ಕೆ ಮಿತಿಗೊಳಿಸಲು ಹೇಳುತ್ತದೆ; 2,000 ಕಿಲೋಕ್ಯಾಲೊರಿಯ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ. ತಟ್ಟೆಯ ಮುಕ್ಕಾಲು ಭಾಗ ಅನ್ನ, ಅಂಚಿನಲ್ಲಿ ಒಂದಿಷ್ಟು ಪಲ್ಯ ಎಂಬ ನಮ್ಮ ಬಡಿಸುವ ಕ್ರಮಕ್ಕೂ ಇದಕ್ಕೂ ತುಂಬ ದೂರ. ಅನ್ನದ ಬದಲು ರಾಗಿ ಎಂಬ ಜನಪ್ರಿಯ ಉಪಾಯವೂ ಪೂರ್ತಿ ಸರಿಯಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356, ರಾಗಿಯಲ್ಲಿ 320 ಕಿಲೋಕ್ಯಾಲೊರಿ; ವ್ಯತ್ಯಾಸ ಅಷ್ಟೇ. ರಾಗಿಯ ಹೆಚ್ಚಳವಿರುವುದು ನಾರಿನಲ್ಲಿ, ಸುಣ್ಣದಂಶದಲ್ಲಿ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಜೊತೆಗೆ ಕಾಳು ಬಿದ್ದ ಬಸ್ಸಾರು, ಧಾರಾಳವಾಗಿ ಸೊಪ್ಪಿನ ಪಲ್ಯ ಎಂದರೆ ಮಾತು ಸರಿಹೋಗುತ್ತದೆ. ಹೆಸರುಬೇಳೆ ಕೋಸಂಬರಿ, ಕಡಲೆಕಾಳಿನ ಉಸಲಿ ಹಬ್ಬದ ದಿನಕ್ಕಷ್ಟೇ ಏಕೆ ಮೀಸಲಾಗಬೇಕು? ಸಂಜೆಯ ಕುರುಕಲಿನ ಜಾಗಕ್ಕೆ ಬರಬೇಕಾದವು ಇವೇ, ಮತ್ತು ಇವನ್ನು ಮಾಡಲು ಯಾರೂ ಹೊಸದಾಗಿ ಕಲಿಯಬೇಕಿಲ್ಲ.

ಇಲ್ಲಿ ಅಡುಗೆ ಮಾಡುವವರ ಮಾತು ಬರಬೇಕು. ಆಹಾರತಜ್ಞರು ಬರೆದುಕೊಡುವ ಚೀಟಿ ಒಬ್ಬರ ಹೆಸರಿನಲ್ಲಿರುತ್ತದೆ. ನಮ್ಮಲ್ಲಿ ಊಟ ಇಡೀ ಮನೆಗೆ ಒಂದೇ ಒಲೆಯ ಮೇಲೆ ಆಗುತ್ತದೆ. ಗಂಡನಿಗೆ ಚೀಟಿ ಬಂದರೆ ಹೆಂಡತಿ ಎರಡನೆಯ ಅಡುಗೆ ಮಾಡುತ್ತಾಳೆ. ಹೆಂಡತಿಗೇ ಬಂದರೆ ಆಕೆ ತನಗಾಗಿ ಬೇರೆ ಅಡುಗೆ ಮಾಡಿಕೊಳ್ಳುವುದು ಕೆಲವು ವಾರ ಮಾತ್ರ. ಆಮೇಲೆ ಎಲ್ಲರೂ ಎದ್ದ ಮೇಲೆ ಪಾತ್ರೆಯಲ್ಲಿ ಮಿಕ್ಕಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ಉಣ್ಣುತ್ತಾಳೆ. ಬೆಳಗಿನ ಆರು ಗಂಟೆಗೆ ನಡೆಯಲು ಹೋಗಿ ಎಂಬ ಸಲಹೆಯೂ ಹಾಗೆಯೇ: ಆ ಹೊತ್ತಿಗೆ ಡಬ್ಬಿ ಕಟ್ಟುತ್ತಿರುವವರು ಯಾರೆಂದು ಸಲಹೆ ಕೊಟ್ಟವರು ಯೋಚಿಸಿರುವುದಿಲ್ಲ. ಚಟ್ನಿಗೆ ಎಷ್ಟು ಕಾಯಿ, ಒಗ್ಗರಣೆಗೆ ಎಷ್ಟು ಎಣ್ಣೆ, ತಿಂಗಳ ಸಾಮಾನಿನಲ್ಲಿ ಎಷ್ಟು ಕಿಲೊ ಸಕ್ಕರೆ ಎಂಬ ತೀರ್ಮಾನಗಳು ಮನೆಯವು. ಅವು ಬದಲಾದರೆ ಮಾತ್ರ ಒಬ್ಬರ ರೂಢಿ ನಿಲ್ಲುತ್ತದೆ.

ಇದಕ್ಕೆ ಪುರಾವೆಯೂ ಇದೆ. ಸಕ್ಕರೆ ಕಾಯಿಲೆಯ 5,145 ಮಂದಿಯನ್ನು ಒಳಗೊಂಡ ಅಮೆರಿಕದ ‘ಲುಕ್ ಅಹೆಡ್’ ಪ್ರಯೋಗದಲ್ಲಿ ನಿರಂತರ ಬೆಂಬಲ ಸಿಕ್ಕವರ ಪೈಕಿ ಅರ್ಧದಷ್ಟು ಜನ ಎಂಟು ವರ್ಷಗಳ ನಂತರವೂ ಶೇ. 5 ಅಥವಾ ಹೆಚ್ಚು ತೂಕ ಇಳಿಸಿಕೊಂಡೇ ಇದ್ದರು. ಹೃದಯಾಘಾತವನ್ನು ಅದು ತಗ್ಗಿಸಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ಉಪ ಅಧ್ಯಯನ (2008): ಚಿಕಿತ್ಸೆಯಲ್ಲಿ ಇಲ್ಲದ, ಬರಿದೆ ಅದೇ ಮನೆಯಲ್ಲಿದ್ದ ಗಂಡ ಅಥವಾ ಹೆಂಡತಿ ವರ್ಷದಲ್ಲಿ ಸರಾಸರಿ 2.2 ಕಿಲೊ ಇಳಿದಿದ್ದರು. ಹೋಲಿಕೆಯ ಗುಂಪಿನಲ್ಲಿ 0.2. ಒಬ್ಬರಿಗಾಗಿ ಬದಲಾದ ಮನೆ ಇನ್ನೊಬ್ಬರನ್ನೂ ಬದಲಿಸಿತು.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಮೈಸೂರಿನ ಸಿಎಫ್‌ಟಿಆರ್‌ಐಗಳಂಥ ಕಡೆ ಮನೆಯನ್ನೇ ಘಟಕವಾಗಿ ಇಟ್ಟುಕೊಂಡ ದೀರ್ಘಾವಧಿ ಪ್ರಯೋಗಗಳು ನಡೆಯಬೇಕು. ತಿಂಗಳಿಗೆ ಕೊಳ್ಳುವ ಎಣ್ಣೆ ಸಕ್ಕರೆಯ ಲೆಕ್ಕವೇ ಅಲ್ಲಿ ದತ್ತಾಂಶವಾಗಬೇಕು. ಅಲ್ಲಿಯವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಲ್ಲಿ, ಆಹಾರತಜ್ಞರಲ್ಲಿ ನನ್ನದೊಂದು ಕೋರಿಕೆ. ತೂಕ ಹೆಚ್ಚಿರುವವರಿಗೆ ಚೀಟಿ ಬರೆಯುವ ಮೊದಲು ಮನೆಯಲ್ಲಿ ಅಡುಗೆ ಮಾಡುವವರು ಯಾರೆಂದು ಕೇಳಿ, ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿ, ಇಬ್ಬರಿಗೂ ಕುರ್ಚಿ ಕೊಟ್ಟು ಮಾತು ಆರಂಭಿಸಿ.