ಹೆಸರು ಬಿಟ್ಟುಕೊಟ್ಟ ಬಳ್ಳಿ

ಲಿಂಗರಾಜಪುರದ ದಿನಸಿ ಅಂಗಡಿಯಲ್ಲಿ ಕೋಲಾರದ ಕಡೆಯವರು ‘ಮೆಣಸು ಕೊಡಪ್ಪ’ ಅಂದರೆ ಕರಿಕಾಳು ಕಟ್ಟಿಕೊಡಬೇಕು. ಕುಂದಾಪುರದವರು ಅದೇ ಮಾತು ಹೇಳಿದರೆ ಒಣಮೆಣಸಿನಕಾಯಿ. ಬೆಂಗಳೂರಿನ ಅಂಗಡಿಯವರು ಈ ಗೊಂದಲಕ್ಕೆ ‘ಪೆಪ್ಪರಾ, ಮೆಣಸಿನಕಾಯಾ?’ ಎಂದು ಕೇಳಿ ಪರಿಹಾರ ಕಂಡುಕೊಂಡಿದ್ದಾರೆ.

ಮೆಣಸು ಎಂಬ ಹೆಸರಿನ ಮೂಲ ವಾರಸುದಾರ ಕರಿಕಾಳಿನ ಬಳ್ಳಿಯೇ. ಪಶ್ಚಿಮಘಟ್ಟದ ಕಾಡಿನಲ್ಲಿ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಮರ ತಬ್ಬಿ ಮೇಲೇರುತ್ತದೆ. ನಾವು ಕಾಳು ಅನ್ನುವುದು ನಿಜವಾಗಿ ಅದರ ಹಣ್ಣು: ಗೊಂಚಲಲ್ಲಿ ಹಸಿರಾಗಿ ಬಲಿತು, ಬಿಟ್ಟರೆ ಕೆಂಪಗೆ ಹಣ್ಣಾಗುತ್ತದೆ. ಬಲಿತದ್ದನ್ನು ಬಿಡಿಸಿ ಬಿಸಿಲಿಗೆ ಹರಡಿದರೆ ಸಿಪ್ಪೆ ಕಪ್ಪಗೆ ಸುಕ್ಕುಗಟ್ಟುತ್ತದೆ. ತಮಿಳಿನ ಮಿಳಗು, ಮಲಯಾಳದ ಮುಳಗು, ನಮ್ಮ ಮೆಣಸು ಒಂದೇ ಬೇರಿನ ಮಾತುಗಳು.

16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು ‘ಮೆಣಸಿನ ರಾಣಿ’ ಎಂದು. ಕಾಳಿಗಾಗಿ ಕಡಲು ದಾಟಿ ಬಂದ ಆ ಜನರ ಹಡಗುಗಳಲ್ಲೇ ಅಮೆರಿಕದ ಖಾರದ ಕಾಯಿಯೂ ಬಂತು. ಅದು ಬಳ್ಳಿಯಲ್ಲ, ಗಿಡ. ಮೆಣಸಿಗೆ ದೂರದ ನೆಂಟನೂ ಅಲ್ಲ. ನಾಲಿಗೆ ಉರಿಸಿತು ಅನ್ನುವುದೊಂದೇ ಹೋಲಿಕೆ. ಮನೆಯಂಗಳದಲ್ಲೇ ಬೆಳೆಯುವ, ಅಗ್ಗಕ್ಕೆ ಸಿಗುವ ಖಾರ ಯಾರಿಗೆ ಬೇಡ? ಬಯಲುಸೀಮೆ ಹೊಸಬನಿಗೆ ‘ಕಾಯಿ’ ಅಂಟಿಸಿ ಹಳಬನ ಹೆಸರು ಉಳಿಸಿತು. ಕರಾವಳಿ ಹೆಸರನ್ನೇ ಹೊಸಬನಿಗೆ ಕೊಟ್ಟು, ಹಳಬನನ್ನು ‘ಒಳ್ಳೆಮೆಣಸು’ ಅಂದಿತು. ತುಳುವರದು ಎಡ್ಡೆಮುಂಚಿ, ಮಲಯಾಳಿಗಳದು ನಲ್ಲಮುಳಗು. ಮೂರು ಭಾಷೆಯಲ್ಲೂ ಅದೇ ‘ಒಳ್ಳೆ’. ಹೊಸಬನ ಮೇಲೆ ಸಣ್ಣದೊಂದು ಅಸಮಾಧಾನ ಅದರಲ್ಲಿದೆ ಅಂತಲೇ ನನಗನ್ನಿಸುತ್ತದೆ. ಉತ್ತರದ ‘ಮಿರ್ಚಿ’ಯ ಹಿಂದೆಯೂ ಸಂಸ್ಕೃತದ ಮರೀಚವಿದೆ, ಅಂದರೆ ಕಾಳುಮೆಣಸೇ. ಬಜ್ಜಿಯಾಗಿ ಎಣ್ಣೆಗೆ ಬೀಳುವುದು ಮಾತ್ರ ಕಾಯಿ.

ಇತ್ತ ಪದ ಇನ್ನೊಂದು ದಾರಿಯನ್ನೂ ಹಿಡಿಯಿತು. ತಮಿಳಿನ ‘ಮಿಳಗು ತಣ್ಣೀರ್’ ಬ್ರಿಟಿಷರ ಬಾಯಲ್ಲಿ ‘ಮಲ್ಲಿಗಟಾನಿ’ ಆಯಿತು. ಸಾರು ಹೋಗಿ ಮಾಂಸ ಹಾಕಿದ ಗಟ್ಟಿ ಸೂಪಾಯಿತು. ಆಂಗ್ಲೋ ಇಂಡಿಯನ್ನರು ಸಾರನ್ನು ಸಾರಾಗಿಯೇ ಉಳಿಸಿಕೊಂಡು ‘ಪೆಪ್ಪರ್ ವಾಟರ್’ ಅಂದರು. ಹುಣಸೆರಸ, ಜೀರಿಗೆ, ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಜೊತೆಗೆ ಎರಡು ಒಣಮೆಣಸಿನಕಾಯಿ. ಹಳಬ, ಹೊಸಬ ಇಬ್ಬರೂ ಒಂದೇ ಪಾತ್ರೆಯಲ್ಲಿ. ಅನ್ನಕ್ಕೆ ಸುರಿದುಕೊಂಡು, ಪಕ್ಕದಲ್ಲಿ ಹುರಿದ ಮಾಂಸ ಇಟ್ಟುಕೊಂಡು ಉಣ್ಣುವುದು ಲಿಂಗರಾಜಪುರ, ಕುಕ್‌ಟೌನ್ ಸುತ್ತಿನ ಅವರ ಮನೆಗಳ ರೂಢಿ.

ಇಷ್ಟಕ್ಕೂ ‘ಪೆಪ್ಪರ್’ ಕೂಡ ಮೆಣಸಿನ ಸ್ವಂತ ಹೆಸರಲ್ಲ. ಅದು ಸಂಸ್ಕೃತದ ಪಿಪ್ಪಲಿ. ಗ್ರೀಕ್, ಲ್ಯಾಟಿನ್ ಹಾಯ್ದು ಇಂಗ್ಲಿಷಿಗೆ ಹೋದದ್ದು. ಪಿಪ್ಪಲಿ ಎಂದರೆ ಅದೇ ಕುಲದ ಇನ್ನೊಂದು ಬಳ್ಳಿ, ಕನ್ನಡದಲ್ಲಿ ಪಕಾರ ಹಕಾರವಾಗಿ ಹಿಪ್ಪಲಿ ಆದದ್ದು. ಯುರೋಪಿನಲ್ಲಿ ಅದರ ಹೆಸರನ್ನು ಮೆಣಸು ಹೊಡೆದುಕೊಂಡಿತು. ಈಗ ದೊಣ್ಣೆಮೆಣಸಿನಕಾಯಿಗೂ ಅಲ್ಲಿ ಅದೇ ಹೆಸರು. ಹಿಪ್ಪಲಿ ಮಾತ್ರ ಗ್ರಂಥಿಗೆ ಅಂಗಡಿಯ ಡಬ್ಬಿಯಲ್ಲಿ, ಶುಂಠಿ ಮತ್ತು ಮೆಣಸಿನ ಜೊತೆ ತ್ರಿಕಟು ಚೂರ್ಣಕ್ಕೆ ಕಾದು ಕೂತಿದೆ.